ಏಳು ಹಾಡು, ನಾಲ್ಕು ನಿಮಿಷ

ಮೂರನೇ ಸೆಮಿಸ್ಟರ್‌ನಲ್ಲಿ ಕಾಲೇಜಿನ ಡ್ಯಾನ್ಸ್ ಟೀಮಿಗೆ ನನ್ನನ್ನು ಸೇರಿಸಿಕೊಂಡದ್ದು ನಾನು ಚೆನ್ನಾಗಿ ಕುಣಿಯುತ್ತೇನೆ ಅಂತಲ್ಲ. ‘ನೀನು ಇ ಅಂಡ್ ಸಿ ಅಲ್ವೇನೋ? ಆಡಿಯೊ ಎಲ್ಲ ನಿಂಗೆ ಗೊತ್ತಿರುತ್ತೆ. ಹಾಡು ಕಟ್ ಮಾಡಿಕೊಡು’ ಎಂದರು ಸೀನಿಯರ್‌ಗಳು. ಎಲೆಕ್ಟ್ರಾನಿಕ್ಸ್ ಓದುವವನಿಗೆ ಅತ್ತೆ ಮನೆಯ ಮಿಕ್ಸಿಯಿಂದ ಹಿಡಿದು ಪಕ್ಕದ ಮನೆಯ ಟಿವಿ ರಿಮೋಟ್‌ವರೆಗೆ ಎಲ್ಲ ರಿಪೇರಿಯೂ ಬರುತ್ತದೆ ಎಂಬ ನಂಬಿಕೆ ನಮ್ಮ ದಾವಣಗೆರೆಯಲ್ಲಿ ಈಗಲೂ ಗಟ್ಟಿಯಾಗಿದೆ. ಆ ನಂಬಿಕೆಯ ಮೇಲೆಯೇ ಹತ್ತು ಜನರ ಕುಣಿತದ ಸಂಗೀತ ನನ್ನ ಲ್ಯಾಪ್‌ಟಾಪಿಗೆ ಬಂದು ಕೂತಿತು.

ಫೆಸ್ಟ್‌ನಲ್ಲಿ ಒಂದು ತಂಡಕ್ಕೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷಕ್ಕೆ ನಾನು ಆರು ಹಾಡು ತುರುಕಿದ್ದೆ. ಕನ್ನಡದ್ದು ಮೂರು, ತೆಲುಗಿನದು ಎರಡು, ಹಿಂದಿಯದು ಒಂದು. ಎಲ್ಲವೂ ಹಿಟ್. ಎರಡು ವಾರ ಅದಕ್ಕೇ ಪ್ರಾಕ್ಟೀಸ್ ನಡೆಯಿತು. ಫೆಸ್ಟ್‌ಗೆ ಹಿಂದಿನ ರಾತ್ರಿ ಸೀನಿಯರ್ ಒಬ್ಬರ ಫೋನ್ ಬಂತು. ಆ ವಾರವಷ್ಟೇ ಬಂದಿದ್ದ ಹಾಡೊಂದು ಎಲ್ಲರ ಸ್ಟೇಟಸ್‌ನಲ್ಲಿ ಓಡುತ್ತಿತ್ತು. ‘ಅದೊಂದು ಸೇರಿಸಿಬಿಡು, ಹಾಲ್ ಎದ್ದು ನಿಲ್ಲುತ್ತೆ.’ ರಾತ್ರಿ ಒಂದು ಗಂಟೆಗೆ ನಾಲ್ಕನೇ ಹಾಡಿನ ಬಾಲ ಕತ್ತರಿಸಿ ಏಳನೆಯದನ್ನು ಮಧ್ಯಕ್ಕೆ ಅಂಟಿಸಿದೆ. ಬೆಳಿಗ್ಗೆ ಕಾರಿಡಾರ್‌ನಲ್ಲಿ ಒಂದೇ ಒಂದು ಸಲ ಓಡಿಸಿ ನೋಡಿದೆವು. ಚೆನ್ನಾಗಿದೆ ಅನ್ನಿಸಿತು.

ವೇದಿಕೆಯ ಮೇಲೆ 2 ನಿಮಿಷ 12ನೇ ಸೆಕೆಂಡಿಗೆ ಹೊಸ ಹಾಡು ಶುರುವಾಯಿತು. ಹಾಲ್ ನಿಜಕ್ಕೂ ಎದ್ದು ನಿಂತಿತು. ಮುಂದಿನ ಸಾಲಿನವರು ಸರಿಯಾಗಿಯೇ ತಿರುಗಿದರು. ಹಿಂದಿನ ಸಾಲಿನ ಎಡತುದಿಯಲ್ಲಿದ್ದ ನನ್ನ ಕ್ಲಾಸ್‌ಮೇಟ್ ಮಾತ್ರ ತಿರುಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಳು, ಅಕ್ಕಪಕ್ಕ ನೋಡಿದಳು, ಹಾಗೇ ನಿಂತುಬಿಟ್ಟಳು. ನಾಲ್ಕು ಸೆಕೆಂಡ್ ಇರಬಹುದು. ಆಮೇಲೆ ಸೇರಿಕೊಂಡಳು, ಆದರೆ ಮುಖ ಬಾಡಿತ್ತು.

ಅವಳು ಜಗಳೂರು ಕಡೆಯ ಹಳ್ಳಿಯವಳು, ಹಾಸ್ಟೆಲ್‌ನಲ್ಲಿರುವವಳು. ಕೋಲಾಟ ಬಿಟ್ಟರೆ ವೇದಿಕೆ ಹತ್ತಿದ್ದು ಅದೇ ಮೊದಲು. ಯಾರೋ ಮಹಾನುಭಾವರು ಆ ನಾಲ್ಕು ಸೆಕೆಂಡನ್ನೇ ಕತ್ತರಿಸಿ ಸಂಜೆಯೊಳಗೆ ಕ್ಲಾಸ್ ಗ್ರೂಪಿಗೆ ಹಾಕಿದರು. ಅದು ಸ್ಟಿಕ್ಕರ್ ಕೂಡ ಆಯಿತು. ಯಾರಾದರೂ ಲ್ಯಾಬ್‌ನಲ್ಲಿ ಔಟ್‌ಪುಟ್ ಬರದೆ ನಿಂತರೆ ಆ ಸ್ಟಿಕ್ಕರ್. ನಾನೂ ಒಂದು ಸಲ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳು ಟೀಮ್ ಬಿಟ್ಟಳು. ಕಾರಣವನ್ನು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿದೆ ಅಂದುಕೊಂಡೆವು.

ನಮ್ಮ ಬೀದಿಯ ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ಒಂದು ಡ್ಯಾನ್ಸ್ ಕ್ಲಾಸ್ ಇದೆ. ಸೆಮಿಸ್ಟರ್ ರಜೆಯಲ್ಲಿ ಅಲ್ಲಿನ ಮಾಸ್ಟರ್‌ಗೆ ಮ್ಯೂಸಿಕ್ ಹಾಕಲು, ಸಣ್ಣ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಒಬ್ಬ ಹುಡುಗ ಬೇಕಿತ್ತು. ತಿಂಗಳಿಗೆ 3,000 ರೂಪಾಯಿ. ‘ನನಗೆ ಎಡಿಟಿಂಗ್ ಬರುತ್ತೆ ಸಾರ್’ ಎಂದು ಹೆಮ್ಮೆಯಿಂದ ನಮ್ಮ ಫೆಸ್ಟ್‌ನ ಮಿಕ್ಸ್ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಮೊಣಕಾಲು ತಟ್ಟುತ್ತಾ ಕೇಳಿದರು. ಮಧ್ಯದಲ್ಲಿ ಒಂದು ಕಡೆ ಬೆರಳು ಗಾಳಿಯಲ್ಲೇ ನಿಂತಿತು. ‘ತಮ್ಮಾ, ಇಲ್ಲಿ ಎರಡು ಬೀಟ್ ನುಂಗಿದೀಯಲ್ಲ’ ಎಂದರು.

ಫೋನಿನಲ್ಲಿ ನೋಡಿದೆ. 2 ನಿಮಿಷ 12 ಸೆಕೆಂಡ್.

ಕುಣಿಯುವವರು ಹಾಡನ್ನು ಸಾಲಿನ ಲೆಕ್ಕದಲ್ಲಿ ಕೇಳುವುದಿಲ್ಲ, ಎಂಟರ ಲೆಕ್ಕದಲ್ಲಿ ಕೇಳುತ್ತಾರೆ. ನಮ್ಮ ಬಹುಪಾಲು ಸಿನಿಮಾ ಹಾಡುಗಳು ನಾಲ್ಕು ನಾಲ್ಕು ಬೀಟ್‌ಗಳಲ್ಲಿ ನಡೆಯುತ್ತವೆ. ಎರಡು ನಾಲ್ಕು ಸೇರಿದರೆ ಒಂದು ಎಂಟು, ಅಷ್ಟಕ್ಕೆ ಒಂದು ಸ್ಟೆಪ್. ನಾನು ನಾಲ್ಕನೇ ಹಾಡನ್ನು ಎಂಟರ ಬದಲು ಆರಕ್ಕೇ ಕತ್ತರಿಸಿದ್ದೆ. ಕಿವಿಗೆ ಅದು ಗೊತ್ತಾಗುವುದಿಲ್ಲ, ಹೊಸ ಹಾಡಿನ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ಆ ಹಾಡನ್ನು ನೂರು ಸಲ ಕೇಳಿದ್ದ ಮುಂದಿನ ಸಾಲಿನವರು ಹಾಡು ಬಂದದ್ದೇ ತಿರುಗಿದರು. ಅವಳು ಆ ಹಾಡನ್ನು ಕೇಳಿರಲಿಲ್ಲ, ಕಲಿಸಿದಂತೆ ಎಣಿಸುತ್ತಿದ್ದಳು. ಏಳು, ಎಂಟು ಅನ್ನುವಷ್ಟರಲ್ಲಿ ಉಳಿದವರೆಲ್ಲ ಮುಂದಿನ ಒಂದು, ಎರಡಕ್ಕೆ ಹೋಗಿದ್ದರು. ಹತ್ತು ಜನರಲ್ಲಿ ಸರಿಯಾಗಿ ಕುಣಿದವಳು ಅವಳೊಬ್ಬಳೇ. ಸ್ಟಿಕ್ಕರ್ ಆದವಳೂ ಅವಳೇ.

ಇದನ್ನು ಅವಳಿಗೆ ಹೇಳಲು ನನಗೆ ಐದು ವಾರ ಬೇಕಾಯಿತು. ಆ ಕಥೆ ಆಮೇಲೆ.

ಮಾಸ್ಟರ್ ನನಗೆ ಮೊದಲು ಮಾಡಿಸಿದ ಕೆಲಸ ಹಾಡು ಕೇಳುವುದಲ್ಲ, ಅಳೆಯುವುದು. ಗಡಿಯಾರ ಇಟ್ಟುಕೊಂಡು 15 ಸೆಕೆಂಡಿನಲ್ಲಿ ಕಾಲು ಎಷ್ಟು ಸಲ ತಟ್ಟಿತು ಎಣಿಸಿ, ನಾಲ್ಕರಿಂದ ಗುಣಿಸು. 30 ಬಂದರೆ 120. ಅದೇ ಆ ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್. ಅದಕ್ಕೆ ಆ್ಯಪ್‌ಗಳಿವೆ, ಆದರೆ ಆ್ಯಪ್ ಕೆಲವೊಮ್ಮೆ 70ರ ಹಾಡನ್ನು 140 ಎಂದು ತೋರಿಸುತ್ತದೆ. ಕಾಲು ಹಾಗೆ ಮೋಸ ಹೋಗುವುದಿಲ್ಲ. 120ರ ಹಾಡಿನಲ್ಲಿ ಒಂದು ಎಂಟಕ್ಕೆ ಸರಿಯಾಗಿ 4 ಸೆಕೆಂಡ್, ನಾಲ್ಕು ನಿಮಿಷಕ್ಕೆ 60 ಎಂಟು. ಈ ಲೆಕ್ಕ ಕೈಗೆ ಬಂದ ದಿನ ನಮ್ಮ ಹಳೆಯ ಮಿಕ್ಸ್ ತೆಗೆದು ನೋಡಿದೆ. ಏಳು ಹಾಡುಗಳ ವೇಗ 96ರಿಂದ 140ರವರೆಗೆ ಹರಡಿತ್ತು. 96ರಲ್ಲಿ ಒಂದು ಎಂಟಕ್ಕೆ 5 ಸೆಕೆಂಡ್ ಸಿಗುತ್ತದೆ. 140ರಲ್ಲಿ ಮೂರೂವರೆ ಸೆಕೆಂಡೂ ಸಿಗುವುದಿಲ್ಲ. ನಾವು ಎರಡಕ್ಕೂ ಅದೇ ಅಳತೆಯ ಸ್ಟೆಪ್ ಹಾಕಿದ್ದೆವು. ರೀಲ್ಸ್ ಮಾಡಿ ಪಳಗಿದ ಇಬ್ಬರು ಅದನ್ನು ದಾಟಿದರು. ಉಳಿದ ಎಂಟು ಜನ ಸ್ಟೆಪ್ಪನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಓಡುತ್ತಿದ್ದರು. ವಿಡಿಯೊದಲ್ಲಿ ಅದು ಎನರ್ಜಿಯಂತೆ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಬಸ್ ಹಿಡಿಯಲು ಓಡುವವರಂತೆ ಕಾಣುತ್ತದೆ. ಆ ಹಾಡುಗಳನ್ನು ಆರಿಸುವಾಗ ನಾನು ಆ ಎಂಟು ಜನರನ್ನು ನೆನೆದೇ ಇರಲಿಲ್ಲ.

ಎಂಟಕ್ಕೆ ಸುಲಭವಾಗಿ ಸಿಗದ ಹಾಡುಗಳೂ ಇವೆ. ‘ಆರ್‌ಆರ್‌ಆರ್’ ಚಿತ್ರಕ್ಕೆ ಕೀರವಾಣಿ ಸಂಗೀತ ಕೊಟ್ಟ, 2023ರಲ್ಲಿ ಆಸ್ಕರ್ ಗೆದ್ದ ‘ನಾಟು ನಾಟು’ ಹಾಡನ್ನೇ ತೆಗೆದುಕೊಳ್ಳಿ. ಅದರ ನಡೆ 6/8. ಒಂದೊಂದು ದೊಡ್ಡ ಬೀಟಿನ ಒಳಗೆ ಎರಡರ ಬದಲು ಮೂರು ಸಣ್ಣ ಬೀಟುಗಳಿರುತ್ತವೆ. ನಮ್ಮ ಎಷ್ಟೋ ಜಾನಪದ ಹಾಡುಗಳಲ್ಲೂ ಮೈ ತಾನಾಗಿ ಜಿಗಿಯುವುದು ಈ ಮೂರರ ನಡೆಯಿಂದಲೇ. ಬೇರೆ ಹಾಡಿಗೆ ಕಟ್ಟಿದ ಸ್ಟೆಪ್ಪನ್ನು ತಂದು ಇದಕ್ಕೆ ಹಾಕಿದರೆ ಕೈ ಸರಿಯಾಗಿಯೇ ಬಂದರೂ ಕಾಲು ಒಂದು ಚೂರು ಮೊದಲೇ ನೆಲಕ್ಕೆ ಬೀಳುತ್ತದೆ. ತಪ್ಪು ಏನೆಂದು ಗೊತ್ತಾಗುವುದಿಲ್ಲ, ಏನೋ ತಪ್ಪಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಇಂಥ ಹಾಡಿಗೆ ಸ್ಟೆಪ್ಪನ್ನು ಹೊಸದಾಗಿಯೇ ಕಟ್ಟಬೇಕು.

ನನ್ನ ಚಿಕ್ಕಮ್ಮನ ಮಗಳು ಭರತನಾಟ್ಯ ಕಲಿಯುತ್ತಾಳೆ. ಅವಳಿಗೆ ಇದನ್ನೆಲ್ಲ ದೊಡ್ಡ ಸಂಶೋಧನೆಯಂತೆ ಹೇಳಿದೆ. ‘ಅಯ್ಯೋ ಅಣ್ಣಾ, ಇದು ನಮಗೆ ಮೊದಲನೇ ವಾರವೇ ಹೇಳಿಕೊಟ್ಟಿದ್ದಾರೆ’ ಎಂದಳು. ಆದಿತಾಳಕ್ಕೆ ಎಂಟು, ಮಿಶ್ರಛಾಪುವಿಗೆ ಏಳು, ಖಂಡಛಾಪುವಿಗೆ ಐದು. ಅವಳ ಟೀಚರ್ ಹಾಡನ್ನೇ ಹಾಕುವುದಿಲ್ಲ. ಮಣೆ ಮೇಲೆ ಕೋಲಿನಿಂದ ಕುಟ್ಟುತ್ತಾ ಒಂದೇ ಅಡವನ್ನು ಮೊದಲು ನಿಧಾನ, ಆಮೇಲೆ ಅದರ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ವೇಗದಲ್ಲಿ ಮಾಡಿಸುತ್ತಾರಂತೆ. ಅದನ್ನು ಕೇಳಿದ ಮೇಲೆ ನಮ್ಮ ಕ್ಲಾಸಿನಲ್ಲೂ ಹಾಡನ್ನು ಮೊದಲ ವಾರ ನಿಧಾನಗೊಳಿಸಿ ಹಾಕಲು ಶುರುಮಾಡಿದೆ. ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ‘ಚೇಂಜ್ ಟೆಂಪೊ’ ಒತ್ತಿದರೆ ಹಾಡಿನ ವೇಗ ಮಾತ್ರ ಇಳಿಯುತ್ತದೆ, ಶ್ರುತಿ ಹಾಗೇ ಇರುತ್ತದೆ. ಪಕ್ಕದಲ್ಲೇ ‘ಚೇಂಜ್ ಸ್ಪೀಡ್’ ಅಂತ ಇದೆ. ಅದನ್ನು ಒತ್ತಿದರೆ ಗಾಯಕಿಗೆ ಗಂಡಸಿನ ದನಿ ಬರುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕರು, ಅವತ್ತು ಪಾಠ ಆಗಲಿಲ್ಲ.

ಕತ್ತರಿಸುವುದಕ್ಕೂ ಒಂದು ಜಾಗ ಇದೆ. ಎಂಟು ಮುಗಿದ ಕಡೆ, ಅದರಲ್ಲೂ ಹಾಡಿನ ಸಾಲು ಮುಗಿದ ಕಡೆ. ಧ್ವನಿಯ ಅಲೆ ಸೊನ್ನೆ ಗೆರೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ ‘ಟಪ್’ ಎಂಬ ಸದ್ದು ಬರುತ್ತದೆ. ಸಿಗ್ನಲ್ಸ್ ಪೇಪರ್‌ನಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಬರೆಯುವುದು ಬೇಡ. ಆದರೆ ಆ ವಿಷಯ ನಿಜವಾಗಿ ತಲೆಗೆ ಹೋದದ್ದು ಈ ಮಹಡಿಯ ಮೇಲೆಯೇ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೆಂಗಸರ ಫಿಟ್‌ನೆಸ್ ಬ್ಯಾಚ್. ನಾನು ಹೊಸ ಇಂಗ್ಲಿಷ್ ಟ್ರ್ಯಾಕ್‌ಗಳನ್ನು ಹುಡುಕಿ, ಬಿಪಿಎಂ ಲೆಕ್ಕಹಾಕಿ, 100ರಿಂದ ಶುರುವಾಗಿ 130ಕ್ಕೆ ಏರಿ ಕೊನೆಗೆ 70ಕ್ಕೆ ಇಳಿಯುವಂತೆ ಪ್ಲೇಲಿಸ್ಟ್ ಕಟ್ಟಿದ್ದೆ. ಕಾಗದದ ಮೇಲೆ ಅದ್ಭುತ. ಹತ್ತು ನಿಮಿಷಕ್ಕೇ ಒಬ್ಬೊಬ್ಬರಾಗಿ ನೀರು ಕುಡಿಯಲು ಹೋದರು. ಮಾಸ್ಟರ್ ಏನೂ ಹೇಳದೆ ತಮ್ಮ ಫೋನ್ ಸಿಕ್ಕಿಸಿ ‘ಪ್ರೇಮಲೋಕ’ದ ಹಾಡು ಹಾಕಿದರು. 1987ರ ಸಿನಿಮಾ, ಹಂಸಲೇಖ ಅವರ ಸಂಗೀತ, ನಾನು ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಹಿಂದಿನದು. ನೀರು ಕುಡಿಯಲು ಹೋದವರು ಬಾಟಲಿ ಹಿಡಿದುಕೊಂಡೇ ಓಡಿಬಂದರು. ಸ್ಟೆಪ್ ತಪ್ಪಿದರೂ ಹಾಡು ತಪ್ಪಲಿಲ್ಲ, ಎಲ್ಲರ ಬಾಯಲ್ಲೂ ಇತ್ತು. ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಅವರ ಕಾಲೇಜಿನ ದಿನಗಳು ನನ್ನ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ.

ಮಕ್ಕಳ ಬ್ಯಾಚಿನಲ್ಲಿ ಮಾತ್ರ ನನಗೆ ಇನ್ನೂ ಬಗೆಹರಿಯದ ಒಂದು ಸಂಗತಿ ನಡೆಯಿತು. ಕ್ಲಾಸಿನ ವಾರ್ಷಿಕೋತ್ಸವಕ್ಕೆ ಏಳೆಂಟು ವರ್ಷದ ಹುಡುಗಿಯರಿಗೆ ಹಾಡು ಆರಿಸಬೇಕಿತ್ತು. ಇಬ್ಬರು ತಾಯಂದಿರು ಆಗ ಎಲ್ಲೆಲ್ಲೂ ಓಡುತ್ತಿದ್ದ ಐಟಂ ಸಾಂಗ್ ಒಂದನ್ನೇ ಹಾಕಿ ಎಂದು ಹಟ ಹಿಡಿದರು. ಬೀಟ್ ಒಳ್ಳೆಯದೇ, 110ರ ಆಸುಪಾಸು, ಮಕ್ಕಳಿಗೆ ಹೇಳಿ ಮಾಡಿಸಿದ ವೇಗ. ಸಾಹಿತ್ಯ ಮಾತ್ರ ಮನೆಯಲ್ಲಿ ಅಜ್ಜನ ಮುಂದೆ ಜೋರಾಗಿ ಹಾಡುವಂಥದ್ದಲ್ಲ. ಮಾಸ್ಟರ್ ‘ಮ್ಯೂಸಿಕ್ ನಿಂದು, ನೀನೇ ಮಾತಾಡು’ ಎಂದು ನನ್ನನ್ನು ಮುಂದೆ ತಳ್ಳಿದರು.

‘ಅಕ್ಕಾ, ಈ ಸಾಲಿನ ಅರ್ಥ ಏನಂತ ಪಾಪು ಕೇಳಿದರೆ ಏನು ಹೇಳ್ತೀರಿ?’ ಎಂದೆ.

‘ಅವಳಿಗೇನು ಅರ್ಥ ಆಗುತ್ತಪ್ಪ, ಮಗು ಅದು. ಎಲ್ಲ ಸ್ಕೂಲಲ್ಲೂ ಹಾಕ್ತಾರೆ. ನೋಡೋರ ಕಣ್ಣಲ್ಲಿ ಇರೋದು ಅದೆಲ್ಲ’ ಎಂದರು ಒಬ್ಬರು. ಅವರ ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ. ಆದರೆ ಆ ಹಾಡಿಗೆ ಸ್ಟೆಪ್ ಕಟ್ಟುವಾಗ ಸಾಹಿತ್ಯವೇ ಸೊಂಟ ಎಲ್ಲಿ ತಿರುಗಬೇಕು, ಕಣ್ಣು ಎಲ್ಲಿ ಹೋಗಬೇಕು ಎಂದು ಹೇಳಿಬಿಡುತ್ತದೆ. ಅರ್ಥ ಮಗುವಿಗೆ ಗೊತ್ತಿಲ್ಲದಿದ್ದರೂ ಮೈಗೆ ಕಲಿಸಿಬಿಟ್ಟಿರುತ್ತೇವೆ. ನಾನು ಇದನ್ನು ಸಮಾಧಾನವಾಗಿ ಹೇಳಬಹುದಿತ್ತು. ಇಪ್ಪತ್ತರ ಬಿಸಿ, ಸಭೆಯಲ್ಲಿ ಭಾಷಣ ಮಾಡಿದಂತೆ ಹೇಳಿದೆ. ಎರಡೂ ಮಕ್ಕಳು ಮುಂದಿನ ವಾರದಿಂದ ಬೇರೆ ಕ್ಲಾಸಿಗೆ ಹೋದವು. ಇಬ್ಬರ ಫೀಸು ತಿಂಗಳಿಗೆ 1,400 ರೂಪಾಯಿ, ನನ್ನ ಸಂಬಳದ ಹತ್ತಿರ ಹತ್ತಿರ ಅರ್ಧ. ಮಾಸ್ಟರ್ ನನ್ನ ಸಂಬಳದಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ. ಅದಕ್ಕೇ ಇನ್ನೂ ಮುಜುಗರ. ಆ ಹುಡುಗಿಯರಲ್ಲಿ ಒಬ್ಬಳು ಕ್ಲಾಸಿನಲ್ಲೇ ಚೆನ್ನಾಗಿ ಎಣಿಸುತ್ತಿದ್ದಳು. ಈಗ ರಸ್ತೆಯಲ್ಲಿ ಸಿಕ್ಕರೆ ‘ಮ್ಯೂಸಿಕ್ ಅಣ್ಣ’ ಎಂದು ಕೈ ಬೀಸುತ್ತಾಳೆ, ಅವಳಮ್ಮ ಬೇರೆ ಕಡೆ ನೋಡುತ್ತಾರೆ.

ಇನ್ನು ವೇದಿಕೆ. ನಿಮ್ಮಲ್ಲಿ ಯಾರಾದರೂ ಈ ವರ್ಷ ಫೆಸ್ಟ್‌ಗೆ ಹಾಡು ಕಟ್ ಮಾಡುವವರಿದ್ದರೆ ಇಷ್ಟು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಆಡಿಯೊ ಆಗಿ ಕಳಿಸಿ ಇಳಿಸಿಕೊಂಡ ಹಾಡನ್ನು ದೊಡ್ಡ ಸ್ಪೀಕರ್‌ಗೆ ಕೊಡಬೇಡಿ. ಫೋನಿನಿಂದ ಹಾಡು ಬಿಡುವುದಾದರೆ ಫ್ಲೈಟ್ ಮೋಡ್ ಹಾಕಿ. ಕಳೆದ ಸಲ ಒಂದು ತಂಡದ ಶಿವತಾಂಡವದ ನಡುವೆ ಯಾರದೋ ಅಮ್ಮನ ಕಾಲ್ ಬಂದು ರಿಂಗ್‌ಟೋನ್ ಇಡೀ ಹಾಲಿಗೆ ಕೇಳಿತು. ಪೆನ್‌ಡ್ರೈವ್ ಎರಡು ಇರಲಿ, ಅದರಲ್ಲಿ ಒಂದೇ ಫೈಲ್ ಇರಲಿ. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಪಕ್ಕಾ’ ಅಂತ ಮೂರು ಇದ್ದರೆ ಸೌಂಡ್ ಸಿಸ್ಟಮ್ ಅಣ್ಣ ಮೊದಲನೆಯದನ್ನೇ ಒತ್ತುತ್ತಾರೆ, ಅದು ಅವರ ತಪ್ಪಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಕುಣಿಯುವವರ ಕಡೆಗೆ ಮುಖ ಮಾಡಿದ ಒಂದು ಸ್ಪೀಕರ್ ವೇದಿಕೆಯ ಮೇಲೆ ಇದೆಯೇ ನೋಡಿ. ನಾವು ಕುಣಿದ ಹಾಲ್‌ನಲ್ಲಿ ಇರಲಿಲ್ಲ. ಸ್ಪೀಕರ್‌ಗಳೆಲ್ಲ ಪ್ರೇಕ್ಷಕರ ಕಡೆ. ಆಮೇಲೊಮ್ಮೆ ಹೆಜ್ಜೆಹಾಕಿ ಅಳೆದೆ, ವೇದಿಕೆಯಿಂದ ಹಿಂದಿನ ಗೋಡೆಗೆ ಸುಮಾರು 30 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹೋಗಿ ಬರಲು 60 ಮೀಟರ್, ಅಂದರೆ ಹತ್ತಿರ ಹತ್ತಿರ 0.18 ಸೆಕೆಂಡ್ ತಡ. 140ರ ಹಾಡಿನಲ್ಲಿ ಒಂದು ಬೀಟೇ 0.43 ಸೆಕೆಂಡ್. ಹಿಂದಿನ ಸಾಲಿನವರಿಗೆ ಗೋಡೆಗೆ ಬಡಿದು ಬಂದ ಹಾಡು ಅರ್ಧ ಬೀಟಿನಷ್ಟು ಹಿಂದೆ ಬಿದ್ದು ಕೇಳುತ್ತಿತ್ತು. ಒಂದು ಕಡೆ ನಾನು ನುಂಗಿದ ಎರಡು ಬೀಟ್, ಇನ್ನೊಂದು ಕಡೆ ಈ ಪ್ರತಿಧ್ವನಿ. ಇವೆರಡರ ನಡುವೆ ಒಬ್ಬಳು ಹುಡುಗಿ ನಾಲ್ಕೇ ಸೆಕೆಂಡಿನಲ್ಲಿ ದಾರಿ ಹುಡುಕಿಕೊಂಡಿದ್ದಳು. ನಾನಾಗಿದ್ದರೆ ವೇದಿಕೆ ಇಳಿದು ಓಡುತ್ತಿದ್ದೆ.

ರಜೆ ಮುಗಿದು ಕಾಲೇಜು ಶುರುವಾಗಿ ಒಂದು ವಾರ ಕಳೆದ ಮೇಲೆ, ಸ್ಟಿಕ್ಕರ್ ಹುಟ್ಟಿದ ಅದೇ ಕ್ಲಾಸ್ ಗ್ರೂಪಿನಲ್ಲಿ ಬರೆದೆ. ಮಿಕ್ಸ್‌ನ 2 ನಿಮಿಷ 5ನೇ ಸೆಕೆಂಡಿನಿಂದ 2 ನಿಮಿಷ 20ರವರೆಗಿನ ತುಂಡು ಕತ್ತರಿಸಿ, ಅದರ ಮೇಲೆ ನನ್ನ ದನಿಯಲ್ಲೇ ‘ಒಂದು, ಎರಡು, ಮೂರು’ ಎಣಿಸಿ ಹಾಕಿದೆ. ಆರಕ್ಕೆ ಹಾಡು ಬದಲಾಗುವುದು ಸ್ಪಷ್ಟವಾಗಿ ಕೇಳುತ್ತದೆ. ‘ತಪ್ಪಿದ್ದು ಅವಳಲ್ಲ, ನಾನು’ ಎಂದು ಕೆಳಗೆ ಬರೆದೆ. ಮೂರು ಜನ ಹೆಬ್ಬೆರಳು ಎತ್ತಿದರು. ಒಬ್ಬ ‘ಮಚ್ಚಾ ಇಷ್ಟು ದಿನ ಆದ್ಮೇಲಾ’ ಎಂದ. ಅದು ನಿಜ. ಅವಳಿಂದ ಎರಡು ದಿನ ಏನೂ ಇಲ್ಲ. ಮೂರನೇ ದಿನ ಲ್ಯಾಬ್‌ನಲ್ಲಿ ಪಕ್ಕ ಬಂದು, ಬ್ರೆಡ್‌ಬೋರ್ಡ್ ಕಡೆ ನೋಡುತ್ತಲೇ, ‘ನಂಗೊತ್ತಿತ್ತು. ಅವತ್ತೇ ಗೊತ್ತಿತ್ತು. ಹೇಳಿದ್ರೆ ಯಾರು ನಂಬ್ತಿದ್ರು?’ ಎಂದಳು.

ಈ ವರ್ಷ ಸೀನಿಯರ್‌ಗಳು ಹೋದರು, ನಾವೇ ಸೀನಿಯರ್‌ಗಳು. ನಾಲ್ಕು ನಿಮಿಷಕ್ಕೆ ಮೂರೇ ಹಾಡು, ಮೂರಕ್ಕೂ ಒಂದೇ ವೇಗ, 108. ಆ ಲೆಕ್ಕದಲ್ಲಿ ಸರಿಯಾಗಿ 54 ಎಂಟು. ಸಿವಿಲ್‌ನ ಗೆಳೆಯನೊಬ್ಬ ಊರಲ್ಲಿ ಡೊಳ್ಳು ಬಾರಿಸುತ್ತಾನೆ. ಮಧ್ಯದಲ್ಲಿ ಅವನ ಡೊಳ್ಳು ಇರಲಿ ಎಂದು ನಾನು ಆಸೆಪಟ್ಟೆ. ಎರಡು ದಿನ ನೋಡಿದೆವು. ಹುರುಪು ಏರಿದಂತೆ ಅವನ ವೇಗವೂ ಏರುತ್ತಿತ್ತು, ಮತ್ತೆ ಹಾಡು ಶುರುವಾದಾಗ ಎಲ್ಲರೂ ಸಪ್ಪೆ. ಅವನಿಗೆ ಹೇಳಿದರೆ, ‘ಡೊಳ್ಳು ಕುಣಿತದಲ್ಲಿ ಬಾರಿಸೋನೇ ಕುಣಿಯೋನು ಕಣಲೇ, ನಾವು ಒಬ್ಬರನ್ನೊಬ್ಬರು ನೋಡ್ಕೊಂಡು ಬಾರಿಸ್ತೀವಿ. ನಿನ್ನ ಪೆನ್‌ಡ್ರೈವ್ ಯಾರನ್ನ ನೋಡುತ್ತೆ?’ ಎಂದ. ಉತ್ತರ ಸಿಗಲಿಲ್ಲ. ಡೊಳ್ಳಿನ ಜಾಗದಲ್ಲಿ ಈಗ ನಾಲ್ಕು ಎಂಟು ಸಂಗೀತವೇ ಇಲ್ಲ, ಬರೀ ಕಾಲು ಮತ್ತು ಚಪ್ಪಾಳೆ. ಒಬ್ಬರನ್ನೊಬ್ಬರು ನೋಡಿಕೊಳ್ಳದೆ ಅದನ್ನು ದಾಟಲು ಆಗುವುದಿಲ್ಲ.

ಹಾಡು ಆರಿಸುವ ದಿನ ಅವಳನ್ನೂ ಕರೆದಿದ್ದೆ. ಬರುತ್ತಾಳೆ ಎಂಬ ನಂಬಿಕೆ ಇರಲಿಲ್ಲ, ಬಂದಳು. ನನಗೆ ತುಂಬಾ ಇಷ್ಟವಾದ ಹಾಡೊಂದನ್ನು ಕೇಳಿಸಿದೆ. ಪೂರ್ತಿ ಕೇಳಿ, ‘ಇದರಲ್ಲಿ ಉಸಿರು ತಗೊಳ್ಳೋಕೆ ಜಾಗ ಎಲ್ಲಿದೆ?’ ಎಂದಳು. ಮತ್ತೆ ಹಾಕಿ ಕೇಳಿದೆ. ಇರಲಿಲ್ಲ. ಅಳಿಸಿದೆ.

ಫೆಸ್ಟ್‌ಗೆ ಇನ್ನು ಹದಿನೆಂಟು ದಿನ. ಕೊನೆಯ ಎಂಟರಲ್ಲಿ ಹಾಡು ಕಾಲಿನ ಜೊತೆಗೇ ನಿಲ್ಲಬೇಕೋ, ಕಾಲು ನಿಂತ ಮೇಲೆ ಮೆಲ್ಲಗೆ ಆರಬೇಕೋ ಎಂದು ಜಗಳ ನಡೆಯುತ್ತಿದೆ. ನಾನು ಎರಡನ್ನೂ ಮಾಡಿಟ್ಟಿದ್ದೇನೆ. ನಿನ್ನೆ ಸಂಜೆ ಬಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ ಕರೆಂಟ್ ಹೋಗಿ ಸ್ಪೀಕರ್ ನಿಂತಿತು. ಯಾರೂ ನಿಲ್ಲಲಿಲ್ಲ. ಹಿಂದಿನ ಸಾಲಿನ ಎಡತುದಿಯಿಂದ ಒಂದು ದನಿ ಜೋರಾಗಿ ಎಣಿಸುತ್ತಿತ್ತು. ಐದು, ಆರು, ಏಳು, ಎಂಟು.